ಚಹಾ ಪೊಟ್ಟಣದ ಮೇಲಿನ ಹೆಣ್ಣುಮಗಳು

ಮೊನ್ನೆ ಚಿತ್ರಕಲಾ ಶಾಲೆಯ ಕೆಲವು ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಓದು ಮುಗಿಯುತ್ತ ಬಂದಿದೆಯಂತೆ. ನೌಕರಿ ಹುಡುಕುವ ಬದಲು ಸ್ವಂತವಾಗಿ ಏನಾದರೂ ಮಾಡಬೇಕೆಂದಿದ್ದಾರಂತೆ. "ಅಜ್ಜಿ, ಬರೇ ಚಿತ್ರಾ ಬರದು ಇಷ್ಟು ವರ್ಷ ಹೆಂಗ ನಡಿಸಿದ್ರಿ? ಅದರ ಗುಟ್ಟು ಹೇಳ್ರಿ" ಎಂದು ಒಬ್ಬಳು ಕೇಳಿದಳು. ಎಲ್ಲರೂ ನನ್ನ ಬಾಯನ್ನೇ ನೋಡುತ್ತ ಕುಳಿತರು. ನಾನು ಅವಲಕ್ಕಿ ತಿನ್ನಿಸಿದೆ, ಚಹಾ ಕುಡಿಸಿದೆ, ಹಳೆಯ ಲೇಬಲ್ಲುಗಳನ್ನು ತೋರಿಸಿದೆ; ಗುಟ್ಟು ಮಾತ್ರ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ನನಗೇ ಗೊತ್ತಿಲ್ಲ. ಕುಂಚ ಕೆಳಗಿಟ್ಟು ಎಷ್ಟೋ ಕಾಲವಾಯಿತು. ನಾನು ಮಾಡಿದ್ದು ಕಲೆಯೋ ವ್ಯಾಪಾರವೋ, ಗಿರಾಕಿಗಳು ನನ್ನ ಹತ್ತಿರ ಏನನ್ನು ಕೊಳ್ಳಲು ಬರುತ್ತಿದ್ದರೋ ಇಂದಿಗೂ ಸರಿಯಾಗಿ ಹೇಳಲಾರೆ. ಅವರು ಹೋದ ಮೇಲೆ ಪಾಪ ಅನ್ನಿಸಿತು. ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟರೆ ಅದರಲ್ಲಿ ಅವರಿಗೇ ಏನಾದರೂ ಕಂಡೀತೆಂದು ಈಗ ಬರೆಯಲು ಕುಳಿತಿದ್ದೇನೆ.

ನಾನು ಲಗ್ನವಾಗಿ ಈ ಊರಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆಗಿನ್ನೂ ಎಲ್ಲರ ಬಾಯಲ್ಲೂ ಇದು ಬಿಜಾಪುರವೇ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ್ದೆ. ಶಾಲೆಯಲ್ಲಿ ಡ್ರಾಯಿಂಗ್ ಶಿಕ್ಷಕಿಯ ಕೆಲಸ ಸಿಗಲಿಲ್ಲ. ನಮ್ಮ ಯಜಮಾನರು ಗುರುನಾಥರಾಯರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಹತ್ತಿರದ ಬಾಡಿಗೆ ಮನೆ. ರೈಲು ಬಂದಾಗ ನೆಲವೆಲ್ಲ ನಡುಗುತ್ತಿತ್ತು. ದೂರದಲ್ಲಿ ಸದ್ದು ಕೇಳಿದ ಕೂಡಲೆ ಕುಂಚವನ್ನು ಹಾಳೆಯಿಂದ ಮೇಲೆತ್ತಿ ಹಿಡಿಯುವುದನ್ನು ನಾನು ಅಲ್ಲಿ ಕಲಿತೆ. ಡಿಪ್ಲೊಮಾದಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಪಡಸಾಲೆಯ ಹೊರಗೆ ಒಂದು ಬೋರ್ಡು ಬರೆದು ತೂಗುಹಾಕಿದೆ. "ಚಿತ್ರಾಲಯ. ಇಲ್ಲಿ ಎಲ್ಲಾ ತರಹ ಬರೆದುಕೊಡಲಾಗುವುದು." ಮೊದಲು ಬಂದ ಗಿರಾಕಿ ಓಣಿಯ ಒಬ್ಬ ಮುದುಕಿ. ಫೌಜಿನಲ್ಲಿದ್ದ ಮಗನಿಗೆ ಕಾಗದ ಬರೆಸಬೇಕಾಗಿತ್ತು. ಎರಡನೆಯವನು ತಹಶೀಲ್ದಾರರಿಗೆ ಅರ್ಜಿ ಬರೆಸಲು ಬಂದ. ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಪತ್ರವನ್ನೂ ಬರೆಯುತ್ತೇವೆ, ತಪ್ಪು ಅವರದಲ್ಲ. ಇಬ್ಬರಿಗೂ ಬರೆದುಕೊಟ್ಟೆ. ಮುದುಕಿಯ ಕಾಗದದ ಮೂಲೆಯಲ್ಲಿ ಒಂದು ಗುಬ್ಬಿಯ ಚಿತ್ರ ಹಾಕಿದೆ. ಅದಕ್ಕೆ ಬದಲು ಅವಳು ಒಂದು ಸೇರು ಕಡಲೆ ಕೊಟ್ಟುಹೋದಳು. ಕೊಟ್ಟದ್ದು ಕಾಗದಕ್ಕೋ ಗುಬ್ಬಿಗೋ ಎಂದು ನಾವಿಬ್ಬರೂ ಅವತ್ತು ಸಂಜೆ ಚರ್ಚೆ ಮಾಡಿದೆವು. ಇತ್ಯರ್ಥವಾಗಲಿಲ್ಲ.

ನನಗೆ ಮೊದಲ ನಿಜವಾದ ಕೆಲಸ ಕೊಟ್ಟವರು ಛಾಪಖಾನೆಯ ವೆಂಕೂರಾಯರು. ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ನನಗೆ ಮೇಲಧಿಕಾರಿ ಎಂದು ಯಾರಾದರೂ ಇದ್ದರೆ ಅವರೇ. ಅವರ ಗಿರಾಕಿಗಳಿಗೆ ಬೇಕಾದ ಲೇಬಲ್ಲು, ಲಗ್ನಪತ್ರಿಕೆಯ ಮೇಲಿನ ಗಣಪತಿ, ಅಂಗಡಿಯ ಹೆಸರಿನ ಅಕ್ಷರಗಳನ್ನು ನಾನು ದಪ್ಪ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದು ಕೊಡಬೇಕು. ಅದು ಸೊಲ್ಲಾಪುರಕ್ಕೆ ಹೋಗಿ ಸತುವಿನ ಬ್ಲಾಕ್ ಆಗಿ ಬರಬೇಕು. ಆಮೇಲೆ ಕಾಲಿನಿಂದ ತುಳಿಯುವ ಮಷಿನ್ನಿನ ಮೇಲೆ ಛಾಪಾಗಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕ್. ಒಮ್ಮೆ ಬ್ಲಾಕ್ ಆಯಿತೆಂದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಈಗಿನವರು ಕಂಪ್ಯೂಟರಿನಲ್ಲಿ ಮೂಗನ್ನು ಎಡಕ್ಕೂ ಬಲಕ್ಕೂ ಸರಿಸುವುದನ್ನು ನೋಡಿದರೆ ನನಗೆ ಅಸೂಯೆಯಾಗುತ್ತದೆ, ಸ್ವಲ್ಪ ಭಯವೂ ಆಗುತ್ತದೆ. ತಿದ್ದುವುದಕ್ಕೆ ಕೊನೆಯೇ ಇಲ್ಲದಿದ್ದರೆ ಸಾಕು ಎಂದು ಹೇಳುವವರು ಯಾರು?

ದರ ಹೇಳುವುದು ನನಗೆ ಎಂದೂ ತಿಳಿಯಲಿಲ್ಲ. "ಬೆಲಿ ಹೇಳೂವಾಗ ಗಿರಾಕಿ ಮಾರಿ ನೋಡಬ್ಯಾಡ ತಂಗಿ, ಗ್ವಾಡಿ ನೋಡು" ಎಂದು ವೆಂಕೂರಾಯರು ಹೇಳಿಕೊಟ್ಟರು. ಮುಖ ಬಿಟ್ಟು ಗೋಡೆ ನೋಡಿ ಹೇಳಿದೆ. ಕಿರಾಣಿ ಅಂಗಡಿಯವನೊಬ್ಬ, "ಕುಂತಲ್ಲೇ ಒಂದ ತಾಸಿನ್ಯಾಗ ಬರದ್ರಿ, ಅದಕ್ಕ ಇಷ್ಟ್ಯಾಕ್ರಿ ಬಾಯಾರ?" ಎಂದು ಕೇಳಿದ. ಸರಿ, ಮುಂದಿನ ಸಲ ಬೇಗ ಮುಗಿದ ಕೆಲಸವನ್ನು ವಾರಗಟ್ಟಲೆ ಕಪಾಟಿನಲ್ಲಿಟ್ಟು ಆಮೇಲೆ ಕೊಟ್ಟೆ. "ಇಷ್ಟ ತಡಾ ಮಾಡೀರಿ, ಸ್ವಲ್ಪ ಕಮ್ಮಿ ಮಾಡ್ಕೊರಿ" ಎಂದ. ಬೇಗ ಕೊಟ್ಟರೆ ಒಂದು ತಪ್ಪು, ತಡವಾಗಿ ಕೊಟ್ಟರೆ ಇನ್ನೊಂದು. ನಡುವೆ ಎಲ್ಲೋ ಸರಿಯಾದ ಹೊತ್ತು ಇದ್ದಿರಬೇಕು.

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಎಂದಾದಾಗ, ಬೋರ್ಡು ಬರೆಯುವವರಿಗೆಲ್ಲ ಸುಗ್ಗಿ ಬಂತೆಂದು ತಿಳಿದೆವು. ಒಂದು ಕಚೇರಿಯಿಂದ ನನಗೂ ಕರೆ ಬಂತು. ಸಾಹೇಬರು "ಮೊದಲು ಹಳೇದು ಅಳಸ್ರಿ" ಎಂದರು. ಅಳಿಸಿದೆ. ಹೊಸದನ್ನು ಬರೆಯಲು ಹೋದರೆ, "ನಿಲ್ಲರಿ, ಅಕ್ಷರದ ನಮೂನಿ ಮ್ಯಾಲಿಂದ ಬರಬೇಕು" ಎಂದರು. ಮೇಲಿಂದ ಬರಲೇ ಇಲ್ಲ. ಮಳೆಗಾಲ ಬಂದು ಹೋಯಿತು. ಆ ಕಚೇರಿ ಯಾವ ರಾಜ್ಯದ್ದೂ ಅಲ್ಲದೆ, ಬರೀ "ಸರಕಾರ" ಎಂಬ ಒಂದೇ ಶಬ್ದದ ಕೆಳಗೆ ಕೆಲಸ ಮಾಡುತ್ತಿತ್ತು. ಅಳಿಸಿದ್ದಕ್ಕೆ ಬಿಲ್ಲು ಕೊಡಬಹುದೋ ಬಾರದೋ ಎಂದು ಯಾರಿಗೂ ಗೊತ್ತಿರಲಿಲ್ಲ.

ಇಂಥ ದಿನಗಳಲ್ಲೇ ಟಿಕೋಟಾದ ರಜಾಕ್ ಸಾಹೇಬರು ವೆಂಕೂರಾಯರ ಚೀಟಿ ಹಿಡಿದು ನಮ್ಮ ಮನೆಗೆ ಬಂದರು.

ರಜಾಕ್ ಸಾಹೇಬರ ಮನೆತನ ತಲೆಮಾರುಗಳಿಂದ ಟಿಕೋಟಾದಲ್ಲಿ ಕಿರಾಣಿ ವ್ಯಾಪಾರದಲ್ಲಿತ್ತು. ಚಹಾಪುಡಿಯನ್ನು ಮೂಟೆಯಲ್ಲಿ ತರಿಸಿ, ತಾವೇ ಬೆರೆಸಿ, ಸಣ್ಣ ಪೊಟ್ಟಣ ಕಟ್ಟಿ ಸುತ್ತಲಿನ ಸಂತೆಗಳಲ್ಲಿ ಮಾರಬೇಕೆಂಬ ಯೋಚನೆ ಅವರದು. "ಮನೆಮಂದಿ ಚಹಾ" ಎಂದು ಹೆಸರೂ ಇಟ್ಟಾಗಿತ್ತು. ಪೊಟ್ಟಣದ ಮೇಲೆ ಒಂದು ಚಿತ್ರ ಬೇಕಿತ್ತು.

"ಎಂಥಾ ಚಿತ್ರಾ ಬೇಕ್ರಿ?" ಎಂದು ಕೇಳಿದೆ.

"ಅದು ನನಗ ಗೊತ್ತಿದ್ರ ನಿಮ್ಮ ಕಡೆ ಯಾಕ ಬರ್ತಿದ್ದೆ ಬಾಯಾರ? ನೋಡಿದಾಂವಗ ಮನೀ ನೆನಪಾಗಬೇಕು. ಅಷ್ಟ."

ಚಹಾದ ಕಿಟ್ಲಿ ಬರೆದೆ, ಹೋಟೆಲ್ ನೆನಪಾಗುತ್ತದೆ ಎಂದರು. ಚಹಾ ಎಲೆ ಬರೆದೆ. ಬೇವಿನ ಸೊಪ್ಪೆಂದು ತಿಳಿಯುತ್ತಾರೆ ಎಂದರು. ಗೋಳಗುಮ್ಮಟ ಬರೆದೆ. "ಬೆಂಕಿಪೆಟಗಿ ಮ್ಯಾಲೂ ಅದ, ಸಾಬಣದ ಮ್ಯಾಲೂ ಅದ. ಆ ಬಾದಶಾಹನ್ನ ಆರಾಮ ಮಲಗಾಕ ಬಿಡ್ರಿ" ಎಂದು ನಕ್ಕರು. ಕೊನೆಗೆ ಒಂದು ಮಧ್ಯಾಹ್ನ ಸುಮ್ಮನೆ ಕೈಗೆ ಬಂದದ್ದನ್ನು ಬರೆದೆ. ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು ಬಸಿಯಲ್ಲಿಟ್ಟ ಕಪ್ಪಿಗೆ ಚಹಾ ಸುರಿಯುತ್ತಿದ್ದಾಳೆ. ಗದ್ದದ ಎಡಕ್ಕೆ ಒಂದು ಸಣ್ಣ ಮಚ್ಚೆ. ಮುಖದ ತುಂಬ ನಗುವಿಲ್ಲ. ಯಾರೋ ಈಗ ತಾನೇ ಏನೋ ಅಂದಿದ್ದಾರೆ, ನಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಳೆ, ಅಂಥ ನಗು. ಮಚ್ಚೆ ಏಕೆ ಹಾಕಿದೆ ಎಂದು ಕೇಳಿದರೆ, ಆ ಕಡೆ ಹಾಳೆ ಖಾಲಿ ಕಾಣಿಸಿತು ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ರಜಾಕ್ ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹೆಣ್ಮಗಳ ಮಾರಿ ಛಾಪಸೂದು ಸರಿನೋ ತಪ್ಪೋ, ಅಮ್ಮಾನ್ನ ಒಂದ ಮಾತು ಕೇಳಬೇಕು" ಎಂದು ಒಯ್ದರು. ಮರುವಾರ ಬಂದು, "ಅಮ್ಮಾ ಅಂದ್ರು, ಈಕಿ ಯಾರ ಮನಿ ಸೊಸಿನೋ, ಭಾಳ ಚಲೋ ಅದಾಳ ಅಂತ. ಛಾಪಸ್ರಿ" ಎಂದರು.

ಚಹಾ ಚೆನ್ನಾಗಿ ಮಾರಿತು. ಓದಲು ಬಾರದವರೂ "ಆ ಹೆಣ್ಮಗಳ ಚಹಾ ಕೊಡ್ರಿ" ಎಂದು ಕೇಳುತ್ತಿದ್ದರಂತೆ. ನನಗೆ ಹೆಮ್ಮೆಯಾಯಿತು. ವ್ಯಾಪಾರದ ದಾರಿ ಈಗ ಸಿಕ್ಕಿತು ಎಂದುಕೊಂಡೆ.

ಒಂದು ರವಿವಾರ ಬೆಳಿಗ್ಗೆ ದೊಡ್ಡ ರುಮಾಲಿನ ಒಬ್ಬ ಎತ್ತರದ ಆಳು ಬಾಗಿಲಲ್ಲಿ ನಿಂತ. ನಮ್ಮ ಯಜಮಾನರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಆತ ಚಹಾ ಪೊಟ್ಟಣವನ್ನು ಅವರ ಪೇಪರಿನ ಮೇಲೆಯೇ ಇಟ್ಟ.

"ಈ ಚಿತ್ರಾ ಬರದಾಂವ ನೀವ ಏನ್ರಿ?"

"ಅಲ್ರಿ. ನಾ ಕಚೇರ್ಯಾಗ ಇರ್ತೀನಿ."

"ಹಂಗಾರ ಬರದಾಂವನ್ನ ಹೊರಗ ಕರೀರಿ. ಅಂವನ ಕೂಡ ಸ್ವಲ್ಪ ಮಾತಾಡೂದೈತಿ."

ಅವನ ದನಿ ಕೇಳಿ ನಾನು ಕೈಯಲ್ಲಿ ಕುಂಚ ಹಿಡಿದುಕೊಂಡೇ ಬಂದೆ. "ನಾನ ಬರದದ್ದು. ಏನಾಗ್ಯದ್ರಿ?"

ಆತ ನನ್ನನ್ನು ನೋಡಿದ, ಕುಂಚವನ್ನು ನೋಡಿದ, ಮತ್ತೆ ನಮ್ಮ ಯಜಮಾನರನ್ನು ನೋಡಿದ. ದಾರಿಯುದ್ದಕ್ಕೂ ಗಂಡಸಿನೊಂದಿಗೆ ಜಗಳವಾಡಲು ತಯಾರಿ ಮಾಡಿಕೊಂಡು ಬಂದಿದ್ದ ಎಂದು ಕಾಣುತ್ತದೆ. ಆ ಜಗಳವನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ.

"ನೀವಾ? ಹೆಣ್ಮಕ್ಕಳು?" ಎಂದ. ಆಮೇಲೆ ದನಿ ಇಳಿಸಿ, "ಅಕ್ಕಾರ, ಇದು ನನ್ನ ಹೇಣ್ತಿರಿ" ಎಂದ.

ಅವನ ಹೆಸರು ಮಲ್ಲಪ್ಪ. ಬಬಲೇಶ್ವರದವನು. ಕುಳ್ಳಿರಿಸಿ ನೀರು ಕೊಟ್ಟ ಮೇಲೆ ಒಂದೊಂದೇ ಹೇಳಿದ. ಚಹಾ ಪೊಟ್ಟಣ ಊರಿಗೆ ಬಂದ ದಿನದಿಂದ ಕಟ್ಟೆಯ ಮೇಲೆ ಅದೇ ಮಾತಂತೆ. "ಮಲ್ಲಪ್ಪನ ಹೇಣ್ತಿ ಊರಿಗೆಲ್ಲಾ ಚಹಾ ಕುಡಸಾಕತ್ತಾಳ" ಎಂದು ಒಬ್ಬ, "ಫೋಟೋ ತಗಸಾಕ ಬಿಜಾಪುರಕ್ಕ ಯಾವಾಗ ಹೋಗಿದ್ಳೋ" ಎಂದು ಇನ್ನೊಬ್ಬ. ಹೆಂಡತಿಯನ್ನು ಕೇಳಿದರೆ ತನಗೇನೂ ಗೊತ್ತಿಲ್ಲ ಎಂದಳು. ಅವನು ನಂಬಲಿಲ್ಲ. ಜಗಳವಾಯಿತು. ಅವಳನ್ನು ತವರಿಗೆ, ಅರಕೇರಿಗೆ, ಕಳಿಸಿಬಿಟ್ಟಿದ್ದ.

"ಫೋಟೋ ಯಾರ ಕೊಟ್ರು, ಅದನ್ನ ಹೇಳ್ರಿ ಸಾಕು."

"ಯಾರೂ ಕೊಟ್ಟಿಲ್ಲಪಾ. ನಾ ನಿನ್ನ ಹೇಣ್ತೀನ್ನ ನೋಡೇ ಇಲ್ಲ. ಮನಸಿಗೆ ಬಂದದ್ದು ಬರದೆ."

"ಮಚ್ಚಿನೂ ಮನಸಿಗೆ ಬಂತೇನ್ರಿ?"

ಅವನು ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋದ. ಈ ಚಿತ್ರ ಪೊಟ್ಟಣದ ಮೇಲಿಂದ ಹೋಗುವವರೆಗೆ ಅವಳನ್ನು ಕರೆತರುವುದಿಲ್ಲ ಎಂದು ಹೇಳಿಹೋದ.

ನಮ್ಮ ಯಜಮಾನರು "ನೀ ಏನು ತಪ್ಪ ಮಾಡೀದಿ? ಸುಮ್ಮನಿರು" ಎಂದರು. ಸುಮ್ಮನಿರಲು ಆಗಲಿಲ್ಲ. ಅವಳು ನಿಜವಾಗಿಯೂ ಹಾಗೆ ಇದ್ದಾಳೋ ಇಲ್ಲವೋ ಎಂದು ನೋಡದೆ ಇರುವುದು ಹೇಗೆ? ಒಂದು ದಿನ ಅವರನ್ನು ಹೊರಡಿಸಿಕೊಂಡು ಅರಕೇರಿಯ ಬಸ್ಸು ಹತ್ತಿದೆ.

ಮನೆ ಕೇಳಿಕೊಂಡು ಹೋದಾಗ ಅವಳು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು. ಅದೇ ಮುಖ. ಹುಬ್ಬು ಅದೇ, ಮೂಗು ಅದೇ. ಗದ್ದದ ಎಡಕ್ಕೆ ಮಚ್ಚೆ. ನನ್ನ ಹಿಂದೆ ನಿಂತಿದ್ದ ನಮ್ಮ ಯಜಮಾನರು "ಅಯ್ಯ" ಎಂದರು, ಅಷ್ಟೇ.

ಅವಳ ಹೆಸರು ನೀಲವ್ವ. ನಾನು ಯಾರೆಂದು ಹೇಳಿದಾಗ ಅವಳ ತಾಯಿ ಒಳಗೆ ಹೋಗಿ ಹಾಲು ತಂದುಕೊಟ್ಟಳು. "ಚಹಾ ಕುಡಿಯೂದ ಬಿಟ್ಟೇವ್ರಿ" ಎಂದಳು. ನೀಲವ್ವ ನನಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹತ್ತಿರ ಬಂದು ಕುಳಿತು ಮೆಲ್ಲಗೆ ಕೇಳಿದಳು:

"ಯವ್ವಾ, ನನ್ನ ನೀವು ಎಲ್ಲಿ ನೋಡಿದ್ರಿ?"

"ಎಲ್ಲೂ ಇಲ್ಲ. ಇವತ್ತ ಮೊದಲು."

"ಸಂತ್ಯಾಗ? ಬಸ್ಸಿನ್ಯಾಗ? ದವಾಖಾನ್ಯಾಗ?"

"ನೆನಪಿಲ್ಲ ನೀಲವ್ವ. ನೋಡಿದ್ರ ಹೇಳತಿದ್ದೆ."

ಅವಳು ಸೆರಗಿನಿಂದ ಮಡಚಿದ ಲೇಬಲ್ಲೊಂದನ್ನು ತೆಗೆದಳು. ಪೊಟ್ಟಣದಿಂದ ಬಿಡಿಸಿ ಇಟ್ಟುಕೊಂಡಿದ್ದಳು. "ನಮ್ಮ ಮನ್ಯಾಗ ನಂದೊಂದು ಫೋಟೋನೂ ಇಲ್ರಿ. ಲಗ್ನದಾಗೂ ತಗದಿಲ್ಲ. ಕನ್ನಡ್ಯಾಗ ನೋಡಿಕೊಂಡ್ರ ಕುಂಕುಮ ಹಚ್ಚೂದಷ್ಟ ಕಾಣ್ತದ." ಬೆರಳನ್ನು ಆ ಚಿತ್ರದ ತುಟಿಯ ಮೇಲಿಟ್ಟಳು. "ನಾ ಹಿಂಗ ನಗತೀನೇನ್ರಿ?"

ನಾನು ಅವಳು ನಕ್ಕದ್ದನ್ನು ನೋಡಿರಲಿಲ್ಲ.

ಲೇಬಲ್ಲಿನಿಂದ ಚಿತ್ರ ತೆಗೆಸುತ್ತೇನೆ ಎಂದೆ. ಅವಳು ಗಾಬರಿಯಾದಳು. "ಬ್ಯಾಡ್ರಿ. ಈಗ ಅಳಸಿದ್ರ, ಏನೋ ಇತ್ತು, ಅದಕ್ಕ ಅಳಸ್ಯಾರ ಅಂತಾರ. ಇದ್ರೂ ಮಾತು, ಹೋದ್ರೂ ಮಾತು. ನೀವ ಏನರೆ ಉಪಾಯ ಮಾಡ್ರಿ."

ಬಸ್ಸಿನಲ್ಲಿ ಹಿಂತಿರುಗುವಾಗ ನನ್ನ ತಲೆ ಕೆಟ್ಟುಹೋಗಿತ್ತು. ಗಂಡನ ಪ್ರಕಾರ ಚಿತ್ರ ಹೋಗಬೇಕು. ಹೆಂಡತಿಯ ಪ್ರಕಾರ ಅಳಿಸಬಾರದು. ಮರುದಿನ ಟಿಕೋಟಾದಿಂದ ರಜಾಕ್ ಸಾಹೇಬರನ್ನು ಕರೆಸಿ ಹೇಳಿದರೆ ಅವರೂ ತಲೆ ಹಿಡಿದುಕೊಂಡರು. "ಒಂದು ಸಂಸಾರ ಮುರದು ಚಹಾ ಮಾರೂದು ನನಗ ಬ್ಯಾಡ ಬಾಯಾರ. ಆದ್ರ ಹೆಣ್ಮಗಳಿಲ್ಲದ ಪೊಟ್ಟಣ ಯಾರೂ ಗುರ್ತ ಹಿಡಿಯೂದಿಲ್ಲ. ಹೆಣ್ಮಗಳ ಇರಲಿ. ಆ ಹೆಣ್ಮಗಳು ಬ್ಯಾಡ." ವೆಂಕೂರಾಯರು ಎಲ್ಲ ಕೇಳಿ, "ಬ್ಯಾರೆ ಮಾರಿ ಬರಿ. ಬ್ಲಾಕಿನ ಖರ್ಚು ಅರ್ಧಾ ನಂದು" ಎಂದು ತಮ್ಮ ಕೆಲಸಕ್ಕೆ ಹೋದರು.

ಬೇರೆ ಮುಖ. ಹೇಳುವುದು ಸುಲಭ. ನಾನು ಕುಳಿತು ದುಂಡು ಮುಖ ಬರೆದೆ, ಉದ್ದ ಮುಖ ಬರೆದೆ, ವಯಸ್ಸಾದವಳನ್ನು ಬರೆದೆ. ಪ್ರತಿ ಸಲವೂ ನಮ್ಮ ಯಜಮಾನರು ಹಿಂದಿನಿಂದ ಇಣುಕಿ, "ಅಕೀನ ಅದಾಳಲ್ಲ" ಎನ್ನುತ್ತಿದ್ದರು. ಮಚ್ಚೆ ಇಲ್ಲದಿದ್ದರೂ ಅವಳೇ. ಕಣ್ಣು ಬದಲಿಸಿದರೂ ಅವಳೇ. ಅರಕೇರಿಗೆ ಹೋಗಿ ನೋಡಿಬಂದ ಮೇಲಂತೂ ನನ್ನ ಕೈಗೆ ಬೇರೆ ಹೆಂಗಸರೇ ಮರೆತುಹೋದ ಹಾಗಾಯಿತು. ಇದೇನು ಮಾಟವೋ ಎಂದು ಅಳು ಬಂತು.

ಕೊನೆಗೆ ಒಂದು ಯೋಚನೆ ಬಂತು. ಸರಿಯೋ ತಪ್ಪೋ ಗೊತ್ತಿರಲಿಲ್ಲ. ನೀಲವ್ವನನ್ನೇ ಎದುರಿಗೆ ಕೂರಿಸಿಕೊಂಡು, ಅವಳಂತೆ ಯಾವುದು ಇದೆಯೋ ಅದನ್ನು ಬಿಟ್ಟು ಬರೆದರೆ? ಯಾವುದನ್ನು ಬರೆಯಬಾರದು ಎಂದಾದರೂ ಕಣ್ಣಿಗೆ ಕಾಣುತ್ತದೆ. ಮಲ್ಲಪ್ಪನಿಗೆ ಹೇಳಿಕಳಿಸಿದೆ. ನಿನ್ನ ಹೆಂಡತಿಯ ಮುಖ ಪೊಟ್ಟಣದಿಂದ ಹೋಗಬೇಕಾದರೆ ನೀನೇ ಅವಳನ್ನು ಕರೆದುಕೊಂಡು ಬಾ ಎಂದು. ಅವನಿಗೆ ಇದರ ತಲೆಬುಡ ತಿಳಿಯಲಿಲ್ಲವಂತೆ. ಆದರೂ ಅರಕೇರಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದ. ಇಬ್ಬರೂ ಬಂದಾಗ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅವನು ಮುಂದೆ, ಅವಳು ಹತ್ತು ಮಾರು ಹಿಂದೆ.

ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ಮಲ್ಲಪ್ಪ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕಾವಲಿಗೆ ಕುಳಿತ. ನಾನು ಬರೆಯತೊಡಗಿದೆ. ಅವಳದು ಕೋಲು ಮೂಗು. ನಾನು ಮೊಂಡು ಬರೆದೆ. ಅವಳದು ಸಣ್ಣ ಹಣೆ. ನಾನು ಅಗಲ ಮಾಡಿದೆ. ಮಲ್ಲಪ್ಪ ಮೊದಮೊದಲು ನೆಲ ನೋಡುತ್ತಿದ್ದ. ಆಮೇಲೆ ಹಾಳೆ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಮತ್ತೆ ಹಾಳೆ. ಸ್ವಲ್ಪ ಹೊತ್ತಿಗೆ ಸ್ಟೂಲನ್ನು ಹತ್ತಿರ ಎಳೆದುಕೊಂಡ.

"ಮೂಗು ಹಂಗಿಲ್ರಿ ಅಕ್ಕಾರ ಆಕಿದು. ಸ್ವಲ್ಪ ನಿಡಿದೈತಿ."

"ಹಂಗ ಇರಬಾರದಂತನ ಅಲ್ಲೇನಪಾ ನಾ ಬರಿಯೂದು?"

"ಹೌದಲ್ರಿ" ಎಂದ. ಎರಡು ನಿಮಿಷ ಕಳೆದಿಲ್ಲ, "ಹುಬ್ಬು ಇಲ್ಲಿ ಕೂಡ್ತಾವ್ರಿ, ನೀವು ದೂರ ಮಾಡೀರಿ. ಮತ್ತ ಸಿಟ್ಟ ಬಂದ್ರ ಆಕಿ ಎಡಗಣ್ಣು ಸಣ್ಣಾಗತೈತಿ, ಹಿಂಗ" ಎಂದು ತನ್ನ ಕಣ್ಣನ್ನೇ ಕಿರಿದು ಮಾಡಿ ತೋರಿಸಿದ.

ಕಿಟಕಿಯ ಕಡೆ ಮುಖ ಮಾಡಿ ಕಲ್ಲಿನಂತೆ ಕುಳಿತಿದ್ದ ನೀಲವ್ವ ಅಲ್ಲಾಡಿದಳು. "ಇಷ್ಟೆಲ್ಲಾ ನೀವು ಯಾವಾಗ ನೋಡಿದ್ರಿ?" ಎಂದು ಕೇಳಿದಳು. ಅವರು ಬಂದಾಗಿನಿಂದ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಮಲ್ಲಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. "ನೋಡಿದ್ದೆ ಅಂತ ನನಗೂ ಗೊತ್ತಿದ್ದಿಲ್ಲ" ಎಂದ.

ರೈಲು ಬಂತು. ನಾನು ಕುಂಚ ಎತ್ತಿದೆ. ನೆಲ ನಡುಗುವುದು ನಿಲ್ಲುವವರೆಗೆ ಮೂವರೂ ಹಾಗೆಯೇ ಇದ್ದೆವು.

ಸಂಜೆಯ ಹೊತ್ತಿಗೆ ಹೊಸ ಚಿತ್ರ ಮುಗಿಯಿತು. ಅಗಲ ಹಣೆ, ಮೊಂಡು ಮೂಗು, ಮಚ್ಚೆಯಿಲ್ಲದ ಗದ್ದ. ಲೋಕದಲ್ಲಿ ಯಾರನ್ನೂ ಹೋಲದ ಒಬ್ಬ ಹೆಂಗಸು. ಮಲ್ಲಪ್ಪ ನೋಡಿ, "ಈಕಿ ನಮ್ಮಾಕಿ ಅಲ್ಲ ಬಿಡ್ರಿ" ಎಂದು ಸಮಾಧಾನಪಟ್ಟ. ನೀಲವ್ವನೂ ಇಣುಕಿ ನೋಡಿ, "ಯವ್ವಾ, ಈಕಿ ಮಾಡಿದ ಚಹಾ ಯಾರ ಕುಡೀತಾರ್ರಿ!" ಎಂದಳು. ಇಬ್ಬರೂ ಆವತ್ತೇ ಬಬಲೇಶ್ವರಕ್ಕೆ ಹೋದರು. ಆಮೇಲೆ ಹೊಸ ಬ್ಲಾಕ್ ಬಂತು, ಹೊಸ ಲೇಬಲ್ ಛಾಪಾಯಿತು, ಹೊಸ ಪೊಟ್ಟಣಗಳು ಸಂತೆಗೆ ಹೋದವು.

ಎಲ್ಲ ಸರಿಹೋಯಿತು ಎಂದು ನಾನು ನಿಶ್ಚಿಂತಳಾಗಿದ್ದೆ. ಕೆಲವು ತಿಂಗಳ ಮೇಲೆ ಬಿಜಾಪುರದ ಪೇಟೆಗೆ ಬಂದಿದ್ದ ಗಂಡಹೆಂಡಿರಿಬ್ಬರೂ ಮನೆಗೆ ಬಂದರು. ಹೊಸ ಪೊಟ್ಟಣ ಊರಿಗೆ ಬಂದ ಮೇಲೆ ಜನ ಏನೆಂದರು ಎಂದು ಕೇಳಿದೆ. ಮಲ್ಲಪ್ಪ ಜೋರಾಗಿ ನಕ್ಕ.

"ಏನಂತಾರ್ರಿ? ಇನ್ನೂ ನೀಲವ್ವಂದ ಅಂತಾರ. ಚಿತ್ರಾ ಬದಲಾಗೇತಿ ಅಂತ ಒಬ್ಬಂವಗೂ ಗೊತ್ತಾಗಿಲ್ಲ!"

ಅಷ್ಟು ಕಷ್ಟಪಟ್ಟು ಮೊಂಡು ಮಾಡಿದ ಮೂಗನ್ನು ಯಾರೂ ನೋಡಿರಲಿಲ್ಲ. ಹಾಗಾದರೆ ಮೊದಲನೆಯ ಚಿತ್ರ ನಿಜವಾಗಿ ಅವಳಂತೆ ಇತ್ತೋ, ಅಥವಾ ಊರಿನ ಮಾತಿನಿಂದ ನಮ್ಮ ಕಣ್ಣಿಗೆ ಹಾಗೆ ಕಂಡಿತೋ? ಆದರೆ ಮಚ್ಚೆ? ಅರಕೇರಿಯ ಅಂಗಳದಲ್ಲಿ ನಾನು ನೋಡಿದ ಮಚ್ಚೆ? "ನಿನಗ ಸಿಟ್ಟ ಬರ್ಲಿಲ್ಲೇನಪಾ?" ಎಂದು ಕೇಳಿದೆ. "ಆಕಿ ಅಲ್ಲಂತ ನನಗ ಗೊತ್ತೈತಲ್ರಿ. ಮಂದಿಗೆ ಏನ ಗೊತ್ತು ಆಕಿ ಮೂಗು ಹೆಂಗೈತಂತ" ಎಂದ.

ಈ ಗದ್ದಲದ ಸುದ್ದಿ ನಾಲ್ಕೂರಿಗೆ ಹಬ್ಬಿ ನನಗೆ ಕೆಲಸದ ಮೇಲೆ ಕೆಲಸ ಬರತೊಡಗಿತು. ಚೆನ್ನಾಗಿ ಬರೆದ ಅಕ್ಷರಗಳಿಂದ ಬಾರದ ಹೆಸರು ಒಂದು ಜಗಳದಿಂದ ಬಂತು. ಟಿಕೋಟಾ, ಬಬಲೇಶ್ವರದಿಂದ ಅಂಗಡಿಯವರು ಬರುವರು. ತಮ್ಮ ಉಪ್ಪಿನಕಾಯಿಗೆ, ಸೋಪಿಗೆ, ಹಪ್ಪಳಕ್ಕೆ ಮುಖ ಬೇಕೆನ್ನುವರು. "ಆದ್ರ ಯಾರದೂ ಅಲ್ಲದ ಮಾರಿ ಬರೀರಿ" ಎನ್ನುವರು. ಹ್ಞೂಂ ಎಂದು ಒಪ್ಪಿಕೊಳ್ಳುತ್ತಿದ್ದೆ. ಆ ಕೆಲಸಗಳಿಂದಲೇ ಚಿತ್ರಾಲಯ ಕಾಲೂರಿ ನಿಂತಿತು. ಹೊಸಬರಿಗೆ ಇದರಿಂದ ಏನು ಹೇಳಲಿ? ಜಗಳ ಆಡಿ ಎನ್ನಲೇ? ಗಿರಾಕಿ ಹೇಳಿದ್ದನ್ನು ಕೇಳಿ ಎನ್ನಲೇ, ಕೇಳಬೇಡಿ ಎನ್ನಲೇ? ಇಷ್ಟು ಮಾತ್ರ ಹೇಳಬಲ್ಲೆ. ನೀವು ಬರೆದದ್ದು ನಿಮ್ಮ ಬಾಗಿಲು ದಾಟಿದ ಮೇಲೆ ಯಾರ್ಯಾರ ಮನೆಗೆ ಹೋಗುತ್ತದೋ ನಿಮಗೆ ತಿಳಿಯುವುದಿಲ್ಲ. ಯಾರಾದರೂ ಅದನ್ನು ಹಿಡಿದುಕೊಂಡು ಬಂದರೆ ಕುಳ್ಳಿರಿಸಿ ನೀರು ಕೊಡಿ.

ಅವತ್ತು ಗಂಡಹೆಂಡಿರು ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಮಲ್ಲಪ್ಪ ಹೊರಗೆ ಎಲೆಅಡಿಕೆ ಉಗುಳಲು ಹೋದಾಗ ನೀಲವ್ವ ಕೇಳಿದಳು: "ಯವ್ವಾ, ಮೊದಲಿಂದು, ನಿಮ್ಮ ಕೈಲೆ ಬರದದ್ದು, ಅದು ಇನ್ನೂ ಐತೇನ್ರಿ?"

ಇತ್ತು. ಸೊಲ್ಲಾಪುರದಿಂದ ಮರಳಿ ಬಂದದ್ದನ್ನು ಕಪಾಟಿನಲ್ಲಿ ಸುತ್ತಿ ಇಟ್ಟಿದ್ದೆ. ಆದರೆ ಅದು ರಜಾಕ್ ಸಾಹೇಬರ ಕೆಲಸಕ್ಕೆಂದು ಬರೆದದ್ದು, ಅವರು ಹಣ ಕೊಟ್ಟದ್ದು. ಕೇಳದೆ ಕೊಡುವುದು ಹೇಗೆ? ಮುಂದಿನ ಸಂತೆಯ ದಿನ ಬಾ ಎಂದು ಅವಳಿಗೆ ಹೇಳಿ ರಜಾಕ್ ಸಾಹೇಬರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡರು.

"ಮಾರಿ ಆಕಿದು. ಕೈ ನಿಮ್ಮದು. ರೊಕ್ಕಾ ನಂದು. ಯಾರದಂತ ನನಗೂ ತಿಳೀವಲ್ದು ಬಾಯಾರ. ಕೊಟ್ಟಬಿಡ್ರಿ."

ಸಂತೆಯ ದಿನ ಇಬ್ಬರೂ ಬಂದರು. ನಾನು ಸುರುಳಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದೆ. ನೀಲವ್ವ ಬಹಳ ಹೊತ್ತು ನೋಡಿದಳು. ಮಲ್ಲಪ್ಪ ಅವಳ ಹಿಂದೆ ನಿಂತು ನೋಡಿದ. ಅವಳು ಹಾಳೆಯನ್ನು ಜೋಪಾನವಾಗಿ ಸುತ್ತಿ ಎದೆಗೆ ಒರಗಿಸಿ ಹಿಡಿದುಕೊಂಡಳು.

"ಅದನ್ನ ಮನ್ಯಾಗ ಎಲ್ಲಿ ಇಡಾಕಿ?" ಎಂದ ಮಲ್ಲಪ್ಪ. "ಒಳಗ ಟ್ರಂಕಿನ್ಯಾಗ ಇಡು."

"ಟ್ರಂಕಿನ್ಯಾಗ ಇಡಾಕ ಯಾಕ ಒಯ್ಯಲಿ? ಪಡಸಾಲ್ಯಾಗ ಹಾಕ್ರಿ. ಬಾಗಲದಾಗ ಬಂದವ್ರಿಗೆ ಕಾಣೂಹಂಗ."

ಮಲ್ಲಪ್ಪ ಹೆಂಡತಿಯನ್ನು ನೋಡಿದ. ನನ್ನನ್ನು ನೋಡಿದ. ಬಾಗಿಲ ಹೊರಗಿನ ಬಿಸಿಲನ್ನು ನೋಡಿದ. ಮೆಟ್ಟಿಲು ಇಳಿದು ಚಪ್ಪಲಿ ಮೆಟ್ಟಿದ.

"ಹಂಗಾರ ಗಾಜ ಹಾಕಸಬೇಕು" ಎಂದ. "ಇಲ್ಲಾಂದ್ರ ಧೂಳ ಕೂಡತೈತಿ."